ಮುಗ್ಗರಿಸುವ ಡೀಸೆಲ್ ಎಂಜಿನ್: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಾರು ಆಗೊಮ್ಮೆ ಈಗೊಮ್ಮೆ ಜರ್ಕ್ ಹೊಡೆಯುತ್ತದೆ, ಗ್ಯಾರೇಜಿಗೆ ಒಯ್ದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಲ್ಕನ್ನೂ ಬದಲಾಯಿಸೋಣ ಅನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ಇಂಜೆಕ್ಟರಿಗೆ ಈಗಲೇ ಹೂಂ ಅನ್ನಬೇಡ. ಸದಾ ಇರುವ ದೋಷವನ್ನು ಒಳ್ಳೆಯ ಮೆಕ್ಯಾನಿಕ್ ಕಿವಿಯಲ್ಲೇ ಹಿಡಿಯುತ್ತಾನೆ. ಬಂದು ಹೋಗುವ ದೋಷವನ್ನು ಅದು ಬಂದ ಗಳಿಗೆಯಲ್ಲೇ ಹಿಡಿಯಬೇಕು. ಆ ಗಳಿಗೆಯಲ್ಲಿ ಮೊದಲು ಕೈಕೊಟ್ಟದ್ದು ಡೀಸೆಲ್ ಒತ್ತಡವೋ, ಗಾಳಿಯೋ, ಸೆನ್ಸರಿನ ಸಿಗ್ನಲ್ಲೋ ಎಂದು ತಿಳಿಯುವವರೆಗೆ ದುಬಾರಿ ಪಾರ್ಟ್ ಯಾವುದನ್ನೂ ಮುಟ್ಟಿಸಬೇಡ.

ಕಾರಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡು. ಮುಗ್ಗರಿಸಿದಾಗಲೆಲ್ಲ ಗಾಡಿ ಪಕ್ಕಕ್ಕೆ ಹಾಕಿ ಬರೆದುಕೋ: ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಎಷ್ಟು ಆರ್‌ಪಿಎಂ, ಯಾವ ಗೇರ್, ಏರೋ ಸಮತಟ್ಟೋ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಮಳೆ ಬರುತ್ತಿತ್ತೇ, ಹೊಗೆ ಯಾವ ಬಣ್ಣ, ಚೆಕ್ ಎಂಜಿನ್ ದೀಪ ಉರಿಯಿತೇ. ನಾಲ್ಕೈದು ಸಲದ ವಿವರ ಕೂಡಿದರೆ ದಾರಿ ತಾನಾಗಿ ಕಾಣುತ್ತದೆ. ಶಿರಾಡಿಯ ಏರಿನಲ್ಲಿ ಮೂರನೇ ಗೇರಿನಲ್ಲಿ ಕಾಲೊತ್ತಿದಾಗ ಮಾತ್ರ ಎಳೆಯದೆ ಹೋದರೆ ಡೀಸೆಲ್ ಸಾಲದಿರಬಹುದು. ಕಾಲು ಹಗುರವಾಗಿಟ್ಟು 1500-2000 ಆರ್‌ಪಿಎಂನಲ್ಲಿ ಹೋಗುವಾಗ ತುಯ್ದಾಡಿ, ಪೂರ್ತಿ ಒತ್ತಿದರೆ ಸರಿಹೋಗುವುದಾದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿ ಸಿಕ್ಕಿಕೊಳ್ಳುತ್ತಿರಬಹುದು. ಅದನ್ನು ಬಿಚ್ಚಿ ಸ್ವಚ್ಛಮಾಡಿಸು. ತಗಡು ಹಾಕಿ ಮುಚ್ಚುತ್ತೇನೆ ಅಂದರೆ ಒಪ್ಪಬೇಡ. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ ಮಾತ್ರ ಬಂದರೆ ಟ್ಯಾಂಕಿನೊಳಗಿನ ಕೊಳೆ, ಡೀಸೆಲ್ ಎಳೆಯುವ ಪೈಪಿನ ಜಾಲರಿ ನೋಡಿಸಬೇಕು. ಬರೀ ಒಂದನೇ ಗೇರಿನಲ್ಲಿ ಹೊರಡುವಾಗ ನಡುಗಿದರೆ ಅದು ಹೆಚ್ಚಾಗಿ ಕ್ಲಚ್ ಅಥವಾ ಎಂಜಿನ್ ಮೌಂಟಿಂಗ್.

ಆರ್‌ಪಿಎಂ ಮೀಟರಿನ ಸೂಜಿಯ ಮೇಲೆ ಒಂದು ಕಣ್ಣಿರಲಿ. ಡೀಸೆಲ್ ಕಡಿಮೆಯಾಗಿ ಮುಗ್ಗರಿಸಿದರೆ ಸೂಜಿ ಎಂಜಿನ್ ಜೊತೆಗೇ ನಿಧಾನವಾಗಿ ಇಳಿಯುತ್ತದೆ. ಗಾಡಿ ಗೇರಿನಲ್ಲೇ ಓಡುತ್ತಿರುವಾಗ ಸೂಜಿ ಪಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಕಥೆಯೇ ಬೇರೆ. ಚಕ್ರ ತಿರುಗುತ್ತಿದ್ದರೆ ಎಂಜಿನ್ನೂ ತಿರುಗುತ್ತಲೇ ಇರುತ್ತದೆ, ಆದರೆ ಅದು ತಿರುಗುತ್ತಿದೆ ಅನ್ನುವ ಸುದ್ದಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಮುಟ್ಟುತ್ತಿಲ್ಲ. ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್, ಅದರ ಕನೆಕ್ಟರ್ ಅಥವಾ ವೈರ್, ಈ ಮೂರರಲ್ಲಿ ಒಂದು. ಈ ಸೆನ್ಸರ್ ಬಿಸಿಗೆ ಕೈಕೊಟ್ಟು, ಅರ್ಧ ಗಂಟೆ ತಣ್ಣಗಾದ ಮೇಲೆ ಮತ್ತೆ ಸರಿಯಾಗುವುದುಂಟು. ಗ್ಯಾರೇಜಿನಲ್ಲಿ ಏನೂ ಕಾಣದಿರಲು ಅದೂ ಒಂದು ಕಾರಣ.

ಇನ್ನು ಡೀಸೆಲ್ ಫಿಲ್ಟರ್. ಕಡಿಮೆ ಖರ್ಚಿನದು, ಹೆಚ್ಚು ಸಲ ತಪ್ಪಿತಸ್ಥನೂ ಅದೇ. ಫಿಲ್ಟರಿನ ಕೆಳಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಅದನ್ನು ಸಡಿಲಿಸಿ ಸುಮಾರು 100 ಮಿಲಿಯಷ್ಟನ್ನು ಶುಭ್ರವಾದ ಗಾಜಿನ ಬಾಟಲಿಗೆ ಇಳಿಸಿಕೋ. ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ, ನೀರು 1000 ಗ್ರಾಂ. ಹಾಗಾಗಿ ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬಾಟಲಿ ಓರೆ ಮಾಡಿದರೆ ಆ ಪದರ ಪಾದರಸದ ಗುಂಡಿನಂತೆ ಒಂದೇ ತುಂಡಾಗಿ ಜಾರುತ್ತದೆ. ಡೀಸೆಲ್ಲೇ ಮಬ್ಬಾಗಿದ್ದರೂ ನೀರು ಬೆರೆತಿದೆ ಅಂದುಕೋ. ತಳದಲ್ಲಿ ಕಪ್ಪು ಲೋಳೆ ಕಂಡರೆ ಟ್ಯಾಂಕನ್ನೇ ಇಳಿಸಿ ತೊಳೆಸಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಬೆಳ್ಳಿಯಂತೆ ಮಿನುಗುವ ಪುಡಿ. ಹೈ ಪ್ರೆಶರ್ ಪಂಪಿನ ಒಳಗನ್ನು ನಯವಾಗಿಡುವುದು ಡೀಸೆಲ್ಲೇ. ನೀರು ಅಥವಾ ಸೀಮೆಎಣ್ಣೆ ಬೆರೆತರೆ ಆ ನಯ ಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ. ಹಾಗೆ ತಿಕ್ಕಿದ ಚೂರು, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೇಲ್ ಎಂಬ ಕೊಳವೆಗೂ ಇಂಜೆಕ್ಟರಿಗೂ ಹೋಗುತ್ತದೆ, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೂ ಮರಳುತ್ತದೆ. ಆಗ ಬರೀ ಇಂಜೆಕ್ಟರ್ ಬದಲಾಯಿಸಿದರೆ ಹೊಸದೂ ಕೆಲವೇ ದಿನದಲ್ಲಿ ಹಾಳು. ಅದಕ್ಕೇ ಹಳೇ ಫಿಲ್ಟರನ್ನು ಎಸೆಯಲು ಬಿಡಬೇಡ. ಕತ್ತರಿಸಿ, ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿಸು.

ಹೊಸ ಫಿಲ್ಟರ್ ಹಾಕಿದ ಮೇಲೆ ಗಾಳಿ ತೆಗೆಯದೆ ಸೆಲ್ಫ್ ಹೊಡೆಯಬಾರದು. ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಬೇಕು. ಟ್ಯಾಂಕಿನಲ್ಲೇ ಪಂಪ್ ಇರುವ ಗಾಡಿಯಾದರೆ ಕೀ ಆನ್-ಆಫ್ ಐದಾರು ಸಲ. ಹೊಸ ಫಿಲ್ಟರ್ ಹಾಕಿದ ಮರುದಿನದಿಂದಲೇ ಜರ್ಕ್ ಶುರುವಾಗಿದ್ದರೆ ವಾಷರ್ ಸರಿಯಾಗಿ ಕೂತಿಲ್ಲ, ಗಾಳಿ ಎಳೆಯುತ್ತಿದೆ ಎಂದೇ ಮೊದಲು ಅನುಮಾನಿಸು. ಫಿಲ್ಟರಿಗೂ ಪಂಪಿಗೂ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡನ್ನು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆಗಳ ಸಾಲು ಕಣ್ಣಿಗೇ ಕಾಣುತ್ತದೆ. ಗಾಳಿ ಒಳಗೆ ಹೋಗುವ ಜಾಗದಿಂದ ಡೀಸೆಲ್ ಹೊರಗೆ ಸೋರಲೇಬೇಕೆಂದಿಲ್ಲ, ಆದ್ದರಿಂದ ಒದ್ದೆಯಿಲ್ಲ ಎಂದು ಬಿಟ್ಟುಬಿಡಬಾರದು.

ಇಷ್ಟರಲ್ಲಿ ಸಿಗದಿದ್ದರೆ ಇಸಿಯುವಿನ ಅಂಕಿಗಳನ್ನು ಫೋನಿಗೆ ಕಳಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಂದು ಕೊಂಡುಕೋ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ, ಫೋನಿನ ಆ್ಯಪಿನಲ್ಲಿ ನಾಲ್ಕೈದನ್ನು ಮಾತ್ರ ಆರಿಸು: ಆರ್‌ಪಿಎಂ, ರೇಲ್ ಪ್ರೆಶರ್, ಗಾಳಿಯ ಪ್ರಮಾಣ, ಟರ್ಬೊ ಒತ್ತಡ, ಆಕ್ಸಿಲರೇಟರ್ ಶೇಕಡಾವಾರು. ಅಡಾಪ್ಟರ್ ಒಂದಾದ ಮೇಲೊಂದನ್ನು ಕೇಳುತ್ತಾ ಹೋಗುತ್ತದೆ; ಇಪ್ಪತ್ತನ್ನು ಆರಿಸಿದರೆ ಅರ್ಧ ಸೆಕೆಂಡಿನ ಜರ್ಕ್ ಎರಡು ಓದಿನ ನಡುವೆ ಕಳೆದುಹೋಗುತ್ತದೆ. ರೆಕಾರ್ಡಿಂಗ್ ಹಾಕಿ ಫೋನ್ ಜೇಬಿಗಿಡು, ಓಡಿಸುತ್ತಾ ನೋಡಬೇಡ.

ನಿನ್ನ 1248 ಸಿಸಿ ಎಂಜಿನ್ನಿನಲ್ಲಿ ಐಡಲಿಂಗ್ ಇರುವಾಗ ರೇಲ್ ಒತ್ತಡ 300 ಬಾರ್ ಆಸುಪಾಸು ಇರುತ್ತದೆ. ಕೆಲವು ಆ್ಯಪ್‌ಗಳು ಅದನ್ನೇ 30,000 ಕಿಲೋಪಾಸ್ಕಲ್ ಎಂದು ತೋರಿಸುತ್ತವೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಅದು ಸಾವಿರ ಬಾರ್ ದಾಟಬೇಕು. ಕಾಲೊತ್ತಿದ್ದರೂ ಒತ್ತಡ ಮೊದಲು ಕುಸಿದು ಆಮೇಲೆ ಆರ್‌ಪಿಎಂ ಇಳಿದರೆ ಡೀಸೆಲ್ ಕಡೆಯ ದೋಷ. ಆಕ್ಸಿಲರೇಟರ್ ಅಂಕಿಯೇ, ನೀನು ಕಾಲು ಕದಲಿಸದಿದ್ದರೂ, 40ರಿಂದ ಸೊನ್ನೆಗೆ ಹಾರಿದರೆ ಪೆಡಲ್ ಸೆನ್ಸರ್. ಒತ್ತಡ ಸರಿಯಿದ್ದು ಟರ್ಬೊ ಒತ್ತಡ ಮಾತ್ರ ಏರದೆ, ಕಪ್ಪು ಹೊಗೆ ಬಂದರೆ ಟರ್ಬೊ ಹೋಸ್ ಬಿರಿದಿರಬಹುದು. ಇಸಿಯುವಿನಲ್ಲಿ ದೋಷದ ಕೋಡ್ ಬಂದಿದ್ದರೆ ಅಳಿಸುವ ಮೊದಲು ಫೋಟೊ ತೆಗೆದುಕೋ. ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕೀಟಿನದು. ಪಿ0087 ಅಂದರೆ ರೇಲ್ ಒತ್ತಡ ಕಡಿಮೆ ಎಂದಷ್ಟೇ. ಪಂಪ್ ಹೋಗಿದೆ ಎಂದಲ್ಲ. 

ಡೀಸೆಲ್ ಕಡೆಯೇ ಎಂದು ಖಚಿತವಾಗಿ, ಫಿಲ್ಟರೂ ಗಾಳಿಯೂ ಸರಿಯಿದ್ದರೆ ಆಗ ಇಂಜೆಕ್ಟರಿನ ಸರದಿ. ಅದಕ್ಕೂ ಪರೀಕ್ಷೆಯಿದೆ. ಬಿಸಿ ಎಂಜಿನ್ನಿನಲ್ಲಿ ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪ್ ಬಿಚ್ಚಿ, ಒಂದೇ ಅಳತೆಯ ನಾಲ್ಕು ಬಾಟಲಿಗಳಿಗೆ ಟ್ಯೂಬ್ ಇಳಿಬಿಟ್ಟು ಐದು ನಿಮಿಷ ಐಡಲಿಂಗ್ ಬಿಡಬೇಕು. ನಾಲ್ಕೂ ಸರಿಸುಮಾರು ಸಮವಾಗಿ ತುಂಬಿದರೆ ಒಳ್ಳೆಯದು. ಒಂದರಲ್ಲಿ ಮಾತ್ರ ಉಳಿದವುಗಳ ಎರಡು ಮೂರು ಪಟ್ಟು ಬಂದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಬಿಸಿಯಿದ್ದಾಗ ಸ್ಟಾರ್ಟ್ ಆಗಲು ತಡವಾಗುವುದೂ ಅದರ ಲಕ್ಷಣ. ಅದೊಂದನ್ನೇ ಬದಲಾಯಿಸಿ, ಹೊಸದರ ಮೇಲೆ ಕೊರೆದಿರುವ ಕೋಡನ್ನು ಸ್ಕ್ಯಾನರಿನಿಂದ ಇಸಿಯುಗೆ ಬರೆಸಬೇಕು. ಇದನ್ನು ಬಿಟ್ಟರೆ ಹೊಸ ಇಂಜೆಕ್ಟರ್ ಇದ್ದೂ ಎಂಜಿನ್ ಒರಟಾಗಿ ಓಡುತ್ತದೆ. ಈ ಕೆಲಸ ನೀನು ಮಾಡಬೇಡ, ಎದುರಿಗೆ ನಿಂತು ಮಾಡಿಸು. ರೇಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನ ನಟ್ಟನ್ನು ಓಡುವ ಎಂಜಿನ್ನಿನಲ್ಲಿ ಯಾರೂ ಸಡಿಲಿಸಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಕಡಿಮೆ ಎನಿಸಿದರೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ ಅದು.

ವೈರಿಂಗನ್ನು ಮಾತ್ರ ನೀನೇ ನೋಡಬಹುದು. ಎಂಜಿನ್ ಐಡಲಿಂಗಿನಲ್ಲಿರುವಾಗ ಫ್ಯಾನು, ಬೆಲ್ಟಿನಿಂದ ಕೈ ದೂರವಿಟ್ಟು, ಬ್ಯಾಟರಿ ಪಕ್ಕದ ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಗೇಣು ಗೇಣಾಗಿ ಮೆಲ್ಲಗೆ ಅಲುಗಾಡಿಸು. ಇಂಜೆಕ್ಟರ್ ವೈರುಗಳನ್ನು ಮಾತ್ರ ಮುಟ್ಟಬೇಡ. ಎಲ್ಲಿ ಅಲುಗಾಡಿಸಿದಾಗ ಸದ್ದು ಬದಲಾಗುತ್ತದೋ ಅಲ್ಲಿ ಟೇಪ್ ಬಿಚ್ಚಿಸು. ನಿನ್ನ ಮನೆಯ ಹಿಂದೆ ಗೋದಾಮಿದೆ, ಇಲಿ ಕಡಿದಿರುವುದೂ ಸಾಧ್ಯ. ಬ್ಯಾಟರಿ ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸಬೇಕು, ಎಂಜಿನ್ನಿಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ತುಕ್ಕಿಲ್ಲದೆ ಬಿಗಿಯಾಗಿರಬೇಕು.

ದೋಷ ಸಿಗುವವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಸಬೇಡ, ಘಾಟಿಯಲ್ಲಿ ಓವರ್‌ಟೇಕ್ ಬೇಡ. ಓಡುವಾಗ ಎಂಜಿನ್ ನಿಂತೇಹೋದರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿನ ಬೂಸ್ಟರಿನಲ್ಲಿ ಒಂದೆರಡು ಸಲಕ್ಕಾಗುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ಬ್ರೇಕನ್ನು ಒತ್ತಿ ಒತ್ತಿ ಬಿಡಬೇಡ, ಒಂದೇ ಸಲ ಗಟ್ಟಿಯಾಗಿ ಹಿಡಿದು ಎಡಕ್ಕೆ ತಂದು ನಿಲ್ಲಿಸು. ಕೀ ತೆಗೆಯಬೇಡ, ಸ್ಟೀರಿಂಗ್ ಲಾಕ್ ಆಗುತ್ತದೆ.

ಭಾನುವಾರ ಬೆಳಿಗ್ಗೆ ಬಾಟಲಿಯ ಫೋಟೊ ಕಳಿಸು. ಹಿಂದೆ ಬಿಳಿ ಹಾಳೆ ಹಿಡಿದು ತೆಗೆ, ತಳ ಸರಿಯಾಗಿ ಕಾಣಲಿ.

ಇಂತಿ,
ನಿನ್ನ ಅಪ್ಪ