ಪ್ರಾರ್ಥನೆಗೆ ಪರ್ಮಿಷನ್ ಇದೆಯಾ ಅಂತ ಕೇಳುವವರಿಗೆ

ಮಾನ್ಯರೇ,

ಸೆಪ್ಟೆಂಬರ್ 8 ಬಂತೆಂದರೆ ನಮ್ಮ ಮಂಗಳೂರಿನಲ್ಲಿ ಮೊಂತಿ ಹಬ್ಬ. ಕ್ರೈಸ್ತರ ಮಕ್ಕಳು ಹೂ ಕೊಯ್ದು ತಂದು ಯೇಸುವಿನ ತಾಯಿ ಮರಿಯಮ್ಮನಿಗೆ ಹಾಕುತ್ತಾರೆ, ಚರ್ಚಿನಲ್ಲಿ ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ಬರುತ್ತದೆ. ನಮ್ಮ ಮನೆಯಲ್ಲೂ ತೆನೆ ಕಟ್ಟುತ್ತೇವೆ. ದಿನ ಬೇರೆ, ದೇವರು ಬೇರೆ, ಭತ್ತ ಮಾತ್ರ ಅದೇ.

2008ರಲ್ಲಿ ಆ ಹಬ್ಬ ಮುಗಿದು ಆರೇ ದಿನಕ್ಕೆ, 14ನೇ ತಾರೀಕು ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಹತ್ತಿರದ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಗುಂಪು ನುಗ್ಗಿ ಶಿಲುಬೆ ಒಡೆಯಿತು. ಅದೇ ದಿನ ಉಡುಪಿ, ಚಿಕ್ಕಮಗಳೂರು ಕಡೆಯ ಪ್ರಾರ್ಥನಾ ಮಂದಿರಗಳಲ್ಲೂ ದಾಂಧಲೆ ನಡೆಯಿತು. ಈ ದಾಳಿಗಳ ತನಿಖೆಗೆ ನ್ಯಾಯಮೂರ್ತಿ ಸೋಮಶೇಖರ ಆಯೋಗ ಕೂತಿತು, 2011ರಲ್ಲಿ ವರದಿಯೂ ಬಂತು. ದಾಳಿಗೆ ಆಗ ದಾಳಿಕೋರರ ಕಡೆಯವರು ಕೊಟ್ಟ ಕಾರಣ ಮತಾಂತರ. ಈಗಲೂ ಅದೇ.

ಸರಿ, ಯಾರಾದರೂ ಆಮಿಷ ಒಡ್ಡಿ, ಹೆದರಿಸಿ ಮತಾಂತರ ಮಾಡಿದರೆ ತಪ್ಪೇ, ನಾನು ಇಲ್ಲ ಅನ್ನುವುದಿಲ್ಲ. ಧರ್ಮ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅನುಮಾನ ಇದ್ದವರು ಸ್ಟೇಷನ್ನಿಗೆ ಹೋಗಿ ದೂರು ಕೊಡಲಿ, ತನಿಖೆ ಆಗಲಿ. ಅದು ಬಿಟ್ಟು ಹತ್ತು ಜನ ಬೈಕಿನಲ್ಲಿ ಬಂದು, ಮೊಬೈಲ್ ಆನ್ ಮಾಡಿಕೊಂಡು, ಯಾರದೋ ಮನೆಯ ಹಾಲ್‌ನಲ್ಲಿ ಕೂತು ಹಾಡುತ್ತಿರುವ ಮುದುಕಿಯರಿಗೆ ಗದರಿಸುವುದು ಯಾವ ತನಿಖೆ? ಆಮೇಲೆ ಬರುವ ಪೊಲೀಸರೂ ಮೊದಲು ಕೇಳುವುದು ಮನೆಯವರನ್ನೇ: 'ಪ್ರಾರ್ಥನೆಗೆ ಪರ್ಮಿಷನ್ ಇದೆಯಾ?' ನಮ್ಮ ಬೀದಿಯಲ್ಲಿ ಹೀಗೆ ಕೇಳಿದ್ದನ್ನು ನಾನೇ ನಿಂತು ನೋಡಿದ್ದೇನೆ. ನಾವು ಸತ್ಯನಾರಾಯಣ ಪೂಜೆಗೆ ಅರ್ಧ ಊರನ್ನೇ ಕರೆದಾಗ ಯಾರೂ ಬಂದು ಕೇಳಲಿಲ್ಲ ಅಲ್ವಾ?

ಕಾನೂನು ಇಲ್ಲದೆ ಏನಿಲ್ಲ. ಪೂಜೆ, ಪ್ರಾರ್ಥನೆಗೆ ಸೇರಿದವರಿಗೆ ಬೇಕೆಂದೇ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 300ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು. ಪೂಜಾಸ್ಥಳಕ್ಕೆ ಧಕ್ಕೆ ತಂದು ಒಂದು ಧರ್ಮದವರನ್ನು ಅವಮಾನಿಸಿದರೆ 298ರಲ್ಲಿ ಎರಡು ವರ್ಷದವರೆಗೆ. ಇದು ಚರ್ಚಿಗೂ ಮಸೀದಿಗೂ ದೇವಸ್ಥಾನಕ್ಕೂ ಒಂದೇ.

2021ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಕುಮಿಲ್ಲಾದಲ್ಲಿ ದುರ್ಗಾಪೂಜೆಯ ಪೆಂಡಾಲಿಗೆ ನುಗ್ಗಿ ಮೂರ್ತಿ ಒಡೆದಾಗ ನಮಗೆಲ್ಲ ಹೊಟ್ಟೆ ಉರಿದಿತ್ತು. ಉರಿಯಲೇಬೇಕಿತ್ತು. ಅಲ್ಲಿ 'ಇವರೇ ಏನೋ ಮಾಡಿರಬೇಕು' ಅಂದವರಿಗೆ ಛೀಮಾರಿ ಹಾಕಿದ ನಾವೇ ಇಲ್ಲಿ ಅದೇ ಮಾತನ್ನು ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ ನೋಡಿ.

ಗುಂಪು ಹಿಂಸೆ ತಡೆಯಲು ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ಎಸ್‌ಪಿ ದರ್ಜೆಗಿಂತ ಕೆಳಗಿನವರಾಗಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ನಮ್ಮ ಜಿಲ್ಲೆಯಲ್ಲಿ ಅವರು ಯಾರು ಅಂತ ನಮ್ಮ ಬೀದಿಯಲ್ಲಿ ವಿಚಾರಿಸಿದೆ, ಒಬ್ಬರಿಗೂ ಗೊತ್ತಿಲ್ಲ. ಅವರ ಹೆಸರು, ಫೋನ್ ನಂಬರನ್ನು ಪ್ರತಿ ಸ್ಟೇಷನ್ನಿನ ಹೊರಗೆ ದೊಡ್ಡ ಅಕ್ಷರದಲ್ಲಿ ಬರೆಸಲು ಗೃಹ ಇಲಾಖೆಗೆ ಒಂದು ಡಬ್ಬ ಪೇಂಟ್ ಸಾಕು.

– ಒಬ್ಬ ಓದುಗ, ಮಂಗಳೂರು