ನಿಮ್ಮ ಫೋಟೋದ ಮೂಲ ಫೈಲನ್ನೇ ಯಾಕೆ ಕೇಳುತ್ತಿದ್ದೇವೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಎಡಿಟಿಂಗ್ ಕೆಲಸದಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ಇನ್ನು ಮೇಲೆ ಕ್ಯಾಮೆರಾದಿಂದ ಅಥವಾ ಫೋನಿನಿಂದ ನೇರವಾಗಿ ಬಂದ ಮೂಲ ಫೈಲನ್ನೇ ಕೇಳುತ್ತೇವೆ. ಹತ್ತು ಜನರ ಕೈ ದಾಟಿ ಫಾರ್ವರ್ಡ್ ಆಗಿ ಬಂದ ಕಾಪಿಯೋ ಸ್ಕ್ರೀನ್‌ಶಾಟೋ ಬಂದರೆ, ಕೆಲಸ ಶುರು ಮಾಡುವ ಮೊದಲು "ಮೂಲ ಸಿಗುತ್ತದಾ?" ಎಂದು ಕೇಳುತ್ತೇವೆ. ಕೆಲಸ ಮುಗಿದ ಮೇಲೆ ಒಂದರ ಬದಲು ಎರಡು ಫೈಲ್ ಕೊಡುತ್ತೇವೆ.

ಇದೇನಪ್ಪಾ ಹೊಸ ಕಿರಿಕಿರಿ ಅನ್ನಿಸಬಹುದು. ಇದು ಶುರುವಾದದ್ದು ನಮ್ಮದೇ ತಪ್ಪಿನಿಂದ.

ಗ್ರಾಹಕರೊಬ್ಬರು ಒಂದು ಫೋಟೋ ಕಳಿಸಿದ್ದರು. ಸಂಜೆಯ ಆಕಾಶ, ಅದರ ಮುಂದೆ ಮನೆಯವರೆಲ್ಲ. ಮುಖಗಳು ಕಪ್ಪಾಗಿವೆ, ಸ್ವಲ್ಪ ಬೆಳಕು ಮಾಡಿ ಎಂದರು. ಮಾಡಿ ಜೆಪೆಗ್ (ಫೋಟೋವನ್ನು ಹಿಂಡಿ ಚಿಕ್ಕದಾಗಿಸಿ ಇಡುವ ಫೈಲ್) ಕಳಿಸಿದೆವು. ವಾರ ಬಿಟ್ಟು, ಎಡಗಡೆ ಸ್ವಲ್ಪ ಕತ್ತರಿಸಿ ಎಂದರು. ನಾವು ಕಳಿಸಿದ್ದ ಜೆಪೆಗನ್ನೇ ತೆರೆದು, ಕತ್ತರಿಸಿ, ಮತ್ತೆ ಜೆಪೆಗ್ ಮಾಡಿದೆವು. ಆಮೇಲೆ ಬಣ್ಣ, ಆಮೇಲೆ ಇನ್ನೇನೋ. ಐದನೇ ಸಲ ದೊಡ್ಡ ಪ್ರಿಂಟ್ ತೆಗೆದಾಗ ಆಕಾಶ ಮೆಟ್ಟಿಲು ಮೆಟ್ಟಿಲಾಗಿತ್ತು. ಕೂದಲಿನ ಅಂಚಿಗೆ ಸೊಳ್ಳೆ ಮುತ್ತಿದ ಹಾಗೆ ಚುಕ್ಕೆಗಳು. (ಇದಕ್ಕೆ ಮಸ್ಕಿಟೋ ನಾಯ್ಸ್ ಅಂತಲೇ ಹೆಸರಿದೆ. ಸರಿಯಾದ ಹೆಸರು.) ಪುಣ್ಯಕ್ಕೆ ಅವರು ಮೂಲ ಫೈಲ್ ಅಳಿಸಿರಲಿಲ್ಲ. ಮೊದಲಿಂದ ಮಾಡಿಕೊಟ್ಟೆವು.

ಜೆಪೆಗ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. 24 ಮೆಗಾಪಿಕ್ಸೆಲ್ ಫೋಟೋವನ್ನು, ಅಂದರೆ 2.4 ಕೋಟಿ ಚುಕ್ಕೆಗಳ (ಪಿಕ್ಸೆಲ್‌ಗಳ) ಚಿತ್ರವನ್ನು, ಹಿಂಡದೆ ಇಟ್ಟರೆ, ಒಂದು ಚುಕ್ಕೆಗೆ 3 ಬೈಟ್‌ನಂತೆ 72 ಎಂಬಿ ಬೇಕು. ಅದನ್ನೇ ಜೆಪೆಗ್ ಹತ್ತು ಎಂಬಿ ಆಸುಪಾಸಿಗೆ ಇಳಿಸಿ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗದ ಹಾಗೆ ತೋರಿಸುತ್ತದೆ. 1992ರಲ್ಲಿ ಬಂದ ಮಾನದಂಡ ಇವತ್ತಿಗೂ ಓಡುತ್ತಿದೆ ಅಂದರೆ ಸುಮ್ನೆ ಅಲ್ಲ.

ಅದು ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದೊಳಗೆ ಬೆಳಕು ಎಲ್ಲಿ ನಿಧಾನವಾಗಿ ಏರಿಳಿಯುತ್ತದೆ, ಎಲ್ಲಿ ಚಕಚಕ ಬದಲಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಈ ಲೆಕ್ಕದ ದಾರಿಯನ್ನು ನಾಸಿರ್ ಅಹಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ್ದರು. ಇಲ್ಲಿಯವರೆಗೆ ಹೆಚ್ಚೇನೂ ಕಳೆದುಹೋಗುವುದಿಲ್ಲ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಸೂಕ್ಷ್ಮ ಬದಲಾವಣೆಗಳನ್ನು ಕಣ್ಣು ಅಷ್ಟಾಗಿ ಗಮನಿಸುವುದಿಲ್ಲ ಅಲ್ವಾ, ಅದಕ್ಕೆ ಆ ಸಂಖ್ಯೆಗಳನ್ನು ಒರಟಾಗಿ ಬರೆದುಕೊಳ್ಳುತ್ತದೆ. 47ನ್ನು 50 ಎಂದು, 3ನ್ನು ಸೊನ್ನೆ ಎಂದು. ಬಣ್ಣದ ವಿಷಯದಲ್ಲಿ ಇನ್ನೂ ಉದಾಸೀನ. ಎಷ್ಟೋ ಸಲ ನಾಲ್ಕು ಚುಕ್ಕೆಗೆ ಸೇರಿಸಿ ಒಂದೇ ಬಣ್ಣದ ಅಳತೆ ಇಡುತ್ತದೆ. ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಮಸುಕಾಗುವುದು ಇದರಿಂದಲೇ.

ಅಂದರೆ ಕಣ್ಣಿಗೆ ಬೀಳದ ಜಾಗ ನೋಡಿ ಜೆಪೆಗ್ ಕತ್ತರಿ ಆಡಿಸುತ್ತದೆ. ನಾವು ಎಡಿಟಿಂಗ್‌ನಲ್ಲಿ ಮಾಡುವುದು ಸರಿಯಾಗಿ ಇದರ ಉಲ್ಟಾ: ಕಣ್ಣಿಗೆ ಬೀಳದ್ದನ್ನು ಎಳೆದು ಬೆಳಕಿಗೆ ತರುತ್ತೇವೆ. ಕಪ್ಪಿದ್ದ ಮೂಲೆಯನ್ನು ಬೆಳಗಿಸಿದರೆ, ಅಲ್ಲಿ ಅಡಗಿದ್ದ ಚೌಕಗಳೂ ಎದ್ದು ಬರುತ್ತವೆ. ಜೊತೆಗೆ ಮಾಮೂಲಿ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದೇ ಬೆಳಕಿನ 256 ಮೆಟ್ಟಿಲು. ಕ್ಯಾಮೆರಾದ 14 ಬಿಟ್ ರಾ ಫೈಲ್‌ನಲ್ಲಿ (ಸೆನ್ಸರ್ ಅಳೆದದ್ದನ್ನು ಜೆಪೆಗ್ ಮಾಡದೆ ಇಡುವ ಫೈಲ್) 16,384 ಇರುತ್ತವೆ. ಆಕಾಶವನ್ನು ಎಳೆದಾಡಿದಾಗ ಯಾವುದು ಮೊದಲು ಬಿರುಕು ಬಿಡುತ್ತದೆ ಎಂದು ಹೇಳಬೇಕಾಗಿಲ್ಲ.

ಗ್ರಾಹಕರು ಜಾಸ್ತಿ ಕೇಳುವುದು, "ಜೆಪೆಗನ್ನು ಪ್ರತಿ ಸಲ ತೆರೆದಾಗಲೂ ಫೋಟೋ ಹಾಳಾಗುತ್ತದಾ?" ಎಂದು. ಇಲ್ಲ. ಸಾವಿರ ಸಲ ನೋಡಿ, ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಮತ್ತೆ ಸೇವ್ ಮಾಡಿದಾಗ. ಅದರಲ್ಲೂ ಏನೂ ಬದಲಿಸದೆ ಅದೇ ಕ್ವಾಲಿಟಿಯಲ್ಲಿ (ಸೇವ್ ಮಾಡುವಾಗ ಆರಿಸುವ ಅಂಕ) ಸೇವ್ ಮಾಡಿದರೆ ಮೊದಲ ಒಂದೆರಡು ಸಲದ ನಂತರ ನಷ್ಟ ತೀರಾ ಕಡಿಮೆ. ಆದರೆ ಎಡಗಡೆಯಿಂದ ಮೂರು ಚುಕ್ಕೆ ಕತ್ತರಿಸಿ ನೋಡಿ. ಹಳೆಯ ಚೌಕದ ಗೆರೆ ಒಂದು ಕಡೆ, ಹೊಸ ಚೌಕದ ಗೆರೆ ಇನ್ನೊಂದು ಕಡೆ. ಒರಟು ಲೆಕ್ಕದ ಮೇಲೆ ಮತ್ತೊಂದು ಒರಟು ಲೆಕ್ಕ. ಆ ಸಂಜೆಯ ಫೋಟೋದಲ್ಲಿ ನಾವು ಮಾಡಿದ್ದು ಇದನ್ನೇ. ಕ್ವಾಲಿಟಿ 100 ಇಟ್ಟರೂ ನಷ್ಟ ಪೂರ್ತಿ ನಿಲ್ಲುವುದಿಲ್ಲ. ಒಂದು ಸಾಫ್ಟ್‌ವೇರ್‌ನ 80, ಇನ್ನೊಂದರ 80 ಒಂದೇ ಅಲ್ಲ ಅನ್ನುವುದು ಬೇರೆ ತಲೆನೋವು.

ಹಾಗಾಗಿ ಇನ್ನು ಮುಂದೆ ನಿಮ್ಮ ಫೋಟೋ ನಮ್ಮಲ್ಲಿ 16 ಬಿಟ್ ಟಿಫ್ ಎಂಬ ಬಗೆಯ ಫೈಲ್ ಆಗಿ ಇರುತ್ತದೆ. ಟಿಫನ್ನು ನಾವು ನಷ್ಟವಿಲ್ಲದ ರೀತಿಯಲ್ಲೇ ಸೇವ್ ಮಾಡುತ್ತೇವೆ. ಎಷ್ಟು ಸಲ ತಿದ್ದಿದರೂ ಅದರಲ್ಲೇ ತಿದ್ದಿ, ಜೆಪೆಗನ್ನು ಕೊನೆಯಲ್ಲಿ ಒಂದೇ ಒಂದು ಸಲ ತೆಗೆಯುತ್ತೇವೆ. ನಿಮಗೆ ಕೊಡುವ ಎರಡು ಫೈಲ್ ಇವೇ. ಬದಲಾವಣೆ ಬೇಕಾದರೆ ನಾವು ಕೊಟ್ಟ ಜೆಪೆಗನ್ನು ವಾಪಸ್ ಕಳಿಸಬೇಡಿ, ಏನು ಬೇಕು ಎಂದು ಹೇಳಿದರೆ ಸಾಕು. ಈ ಟಿಫ್ ಫೈಲ್‌ಗಳು ದೈತ್ಯ ಗಾತ್ರದವು. 24 ಮೆಗಾಪಿಕ್ಸೆಲ್‌ಗೆ 144 ಎಂಬಿಯಷ್ಟು. ಹಾಗಾಗಿ ಆರು ತಿಂಗಳು ಮಾತ್ರ ಇಟ್ಟುಕೊಳ್ಳುತ್ತೇವೆ. ಆಮೇಲೆ ನಿಮಗೆ ಕೊಟ್ಟ ಟಿಫ್ ಪ್ರತಿಯೇ ಆಧಾರ, ಅದನ್ನು ಜೋಪಾನವಾಗಿಡಿ. ಜೆಪೆಗ್ ಹಂಚಿಕೊಳ್ಳಲಿಕ್ಕೆ.

ಕಳಿಸುವುದು ಕಷ್ಟವೇನಲ್ಲ. ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ. ಜಿಪ್ ಮಾಡಿದರೂ ಆದೀತು, ಜಿಪ್ ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಫೋನ್ ಕೊಟ್ಟ ಮೂಲವೇ ಜೆಪೆಗ್ ಆಗಿದ್ದರೆ ಅದನ್ನೇ ಕಳಿಸಿ. ಹೀಕ್ (ಕೆಲವು ಫೋನ್‌ಗಳು ಫೋಟೋ ಇಡುವ ಇನ್ನೊಂದು ಬಗೆಯ ಫೈಲ್) ಆಗಿದ್ದರೆ ಜೆಪೆಗ್‌ಗೆ ಬದಲಿಸಲು ಹೋಗಬೇಡಿ. ಇರುವ ಜೆಪೆಗನ್ನು ಟಿಫ್ ಮಾಡಿ ಕಳಿಸಿದರೆ ಹೋದದ್ದು ವಾಪಸ್ ಬರುವುದಿಲ್ಲ, ಫೈಲ್ ಊದಿಕೊಳ್ಳುತ್ತದೆ ಅಷ್ಟೇ.

ಕೆಲವೊಮ್ಮೆ ಉಳಿದಿರುವುದೇ ಒಂದು ಮಸುಕು ಕಾಪಿ. ತೀರಿಕೊಂಡವರ ಕೊನೆಯ ಫೋಟೋ ಇರಬಹುದು. ಸಂಕೋಚ ಬೇಡ, ಕಳಿಸಿ. ಅಂಥದ್ದನ್ನು ಹಗುರ ಕೈಯಿಂದ ತಿದ್ದುತ್ತೇವೆ. ಜಾಸ್ತಿ ಶಾರ್ಪ್ ಮಾಡಿ ಎಂದರೆ ಮಾತ್ರ ಒಪ್ಪುವುದಿಲ್ಲ, ಮುಖಕ್ಕಿಂತ ಮೊದಲು ಶಾರ್ಪ್ ಆಗುವುದು ಆ ಚೌಕಗಳೇ.

ಈ ಮೊದಲು ಒಂದೇ ಫೋಟೋವನ್ನು ಎರಡು ಮೂರು ಸಲ ನಮ್ಮಿಂದ ತಿದ್ದಿಸಿಕೊಂಡವರು, ಮೂಲ ಫೈಲ್ ಇದ್ದರೆ ಕಳಿಸಿಕೊಡಿ. ಶುಲ್ಕವಿಲ್ಲದೆ ಮೊದಲಿಂದ ಮಾಡಿಕೊಡುತ್ತೇವೆ. ಹಳೆಯ ಕೆಲಸ ತುಂಬಾ ಇರುವುದರಿಂದ ಬಂದ ಸರದಿಯಲ್ಲೇ ಕೈಗೆತ್ತಿಕೊಳ್ಳುತ್ತೇವೆ, ಸ್ವಲ್ಪ ಕಾಯಬೇಕಾಗಬಹುದು.

ನಿಮ್ಮ ಎಡಿಟಿಂಗ್ ತಂಡ