ಸಿಬಿಲ್ ರಿಪೋರ್ಟ್ ಓದಿ ಹೇಳಿದ ಕಾಕಾ ಅವರಿಗೆ

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಕಾಕಾ, ನಿಮ್ಮ ಹೆಸರು ಗೊತ್ತಿಲ್ಲ. ಧನ್ಯವಾದ ಮಾತ್ರ ಹೇಳಲೇಬೇಕು.

ಲಾಕ್‌ಡೌನ್‌ನಲ್ಲಿ ನಮ್ಮ ಹೊಲಿಗೆ ಅಂಗಡಿ ಮುಚ್ಚಿ ಸಾಲದ ಕಂತು ನಿಂತವು. ಆಮೇಲೆ ಬ್ಯಾಂಕಿನವರು ಹೇಳಿದಷ್ಟು ಕಟ್ಟಿದೆವು. ಆದರೂ ಹೊಸ ಮಷೀನಿಗೆ ಸಾಲ ಕೇಳಿದ ಕಡೆಯೆಲ್ಲ ಆಗಲ್ಲ ಅಂದರು. ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ನೀವು ಹೇಳಿದಿರಿ. ಕನ್ನಡಕ ಏರಿಸಿ, ನಮ್ಮ ಸಿಬಿಲ್ ರಿಪೋರ್ಟ್, ಅಂದರೆ ಯಾವ ಸಾಲ ಹೇಗೆ ಕಟ್ಟಿದೆವು ಅಂತ ತೋರಿಸೋ ವರದಿ, ಅದರ ಒಂದೊಂದೇ ಸಾಲಿನ ಮೇಲೆ ಪೆನ್ನು ಆಡಿಸಿ, ‘ಸೆಟಲ್ಡ್’ ಅಂತ ಇದ್ದ ಕಡೆ ಗುಂಡು ಸುತ್ತಿದಿರಿ. “ನೋಡವಾ ತಂಗಿ, ಬ್ಯಾಂಕ್ ಒಂದಿಷ್ಟು ರೊಕ್ಕ ಬಿಟ್ಟದ ಅಂತ ಇದರ ಅರ್ಥ. ಉಳಿದದ್ದು ಕಟ್ಟಿ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಪತ್ರ ತಗೋ, ‘ಕ್ಲೋಸ್ಡ್’ ಅಂತ ಮಾಡಸು” ಅಂದಿರಿ.

ಇನ್ನೊಂದು ಸಾಲ ತೀರಿದ್ದರೂ ಬಾಕಿ ಅಂತಲೇ ಇತ್ತು. ಅದಕ್ಕೆ ದೂರು ಬರೆಸಿದಿರಿ. 30 ದಿನದೊಳಗೆ ಇತ್ಯರ್ಥ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನೋ ರಿಸರ್ವ್ ಬ್ಯಾಂಕ್ ನಿಯಮ ನಮ್ಮಂಥವರಿಗೆ ಎಲ್ಲಿ ಗೊತ್ತಿರುತ್ತದೆ? ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ ಅನ್ನೋದೂ ನಿಮ್ಮಿಂದಲೇ ತಿಳಿಯಿತು. ದುಡ್ಡು ಕೊಟ್ಟರೆ ಸ್ಕೋರ್ (ಸಾಲ ಸರಿಯಾಗಿ ಕಟ್ಟೋದಕ್ಕೆ ಸಿಗೋ ಅಂಕ) ಏರಿಸ್ತೀವಿ ಅನ್ನೋರನ್ನು ನಂಬಬೇಡ ಅಂತ ಗಟ್ಟಿಯಾಗಿ ಹೇಳಿದಿರಿ. ಆಗಲೇ ಒಬ್ಬರು ನಮ್ಮ ಬೆನ್ನು ಹತ್ತಿದ್ದರು, ಕಾಕಾ. ಆ ಮಾತು ನಮ್ಮನ್ನು ಉಳಿಸಿತು.

ಠೇವಣಿ ಇಟ್ಟು ಸಣ್ಣ ಕ್ರೆಡಿಟ್ ಕಾರ್ಡ್ ತಗೊಂಡೆವು. ಸ್ವಲ್ಪವೇ ಬಳಸಿ, ಪ್ರತಿ ತಿಂಗಳೂ ಪೂರ್ತಿ ಕಟ್ಟಿದೆವು. ಸ್ಕೋರ್ ನಿಧಾನಕ್ಕೆ ಏರಿತು, ಈಗ ಮಷೀನ್ ಸಾಲವೂ ಮಂಜೂರಾಗಿದೆ. ಈ ಬರಹ ನಿಮ್ಮ ಕಣ್ಣಿಗೆ ಬಿದ್ದರೆ ಅದೇ ಝೆರಾಕ್ಸ್ ಅಂಗಡಿಯಲ್ಲಿ ಕೇಳಿ. ನಮ್ಮ ನಂಬರ್ ಕೊಟ್ಟಿದ್ದೇನೆ.